ಹೊಲಕ್ಕೂ ಹೈವೇಗೂ ಒಂದೇ ಹೌಸಿಂಗ್

ಹತ್ತಿ ಬಿಡಿಸುವ ದಿನಗಳಲ್ಲಿ ಹತ್ತಿಗೂಡೂರ ಕ್ರಾಸಿನಲ್ಲಿ ಅರ್ಧ ತಾಸು ನಿಂತರೆ ಸಾಕು, ಯಾದಗಿರಿ ಜಿಲ್ಲೆಯ ವ್ಯವಹಾರ ಯಾವ ಗಾಡಿಯ ಮೇಲೆ ನಡೆದಿದೆ ಎಂಬುದು ತಿಳಿದುಹೋಗುತ್ತದೆ. ಲಾರಿಗಳಿವೆ, ಟ್ರ್ಯಾಕ್ಟರುಗಳಿವೆ. ಆದರೆ ಹೊಲದ ಬದುವಿನಿಂದ ಜಿನ್ನಿಂಗ್ ಮಿಲ್ಲಿನ ಗೇಟಿನವರೆಗೆ, ಅಲ್ಲಿಂದ ಮತ್ತೆ ಊರಿಗೆ, ಸಂಜೆ ಇನ್ನೊಬ್ಬರ ಬಾಡಿಗೆಗೆ ರಾಯಚೂರು, ಕಲಬುರಗಿ, ಹೈದರಾಬಾದಿಗೆ ಹೊರಡುವುದು ಪಿಕಪ್. ಯಾದಗಿರಿಗೆ ಮುಂಬೈ–ಚೆನ್ನೈ ರೈಲು ಹಳಿ ಇದೆ. ಶಹಾಪುರ, ಸುರಪುರಗಳಿಗೆ ಗದಗ–ವಾಡಿ ಮಾರ್ಗ ಪೂರ್ತಿಯಾಗುವ ತನಕ ರಸ್ತೆಯೇ ಗತಿ. ಹಾಗಾಗಿ ಇಲ್ಲಿ ಪಿಕಪ್ಪಿನ ಮಾಲೀಕನಿಗೆ ಎರಡು ಬಾಳು: ಒಂದು ಎರಿಮಣ್ಣಿನಲ್ಲಿ, ಇನ್ನೊಂದು ಡಾಂಬರಿನ ಮೇಲೆ.

ಈ ಎರಡರ ನಡುವಿನ ಎಳೆದಾಟದಿಂದ ಹುಟ್ಟಿದ ಮಾತೊಂದು ಇಲ್ಲಿನ ಗ್ಯಾರೇಜುಗಳಲ್ಲಿ ಆಗಾಗ ಕೇಳಿಬರುತ್ತದೆ. "ಮಿಸ್ತ್ರಿ, ಗಾಡಿ ಎಪ್ಪತ್ತು ದಾಟಿದ್ರ ಚೀರಾಕತ್ತದ. ಎವರೇಜೂ ಕೊಡವಲ್ದು. ಹೌಸಿಂಗ್ ಬದಲಿ ಮಾಡಿದ್ರ ಹೈವೇದಾಗ ಹಗೂರ ಓಡ್ತದಂತ, ಖರೇ ಏನ್ರೀ?" ಮಿಸ್ತ್ರಿಯ ಉತ್ತರ ಅವರವರ ಅನುಭವದ ಮೇಲೆ. ಕೆಲವರು ಕೈತೊಳೆದುಕೊಂಡು ಒಳ್ಳೆಯ ಹಳೇ ಜೋಡಿ ಎಲ್ಲಿ ಸಿಗುತ್ತದೆಂದು ಫೋನು ಹಚ್ಚುತ್ತಾರೆ. ಕೆಲವರು "ಬ್ಯಾಡ್ರಿ ಸಾಹುಕಾರ್ರ, ಹೊಲದಾಗ ಸಿಕ್ಕೊಂಡ್ರ ನನ್ನನ್ನ ಬೈತೀರಿ" ಎಂದು ತಲೆಯಾಡಿಸುತ್ತಾರೆ. ಎರಡನೆಯವರ ಮಾತಿನಲ್ಲಿ ನನಗೆ ಹೆಚ್ಚು ಸತ್ಯ ಕಂಡಿದೆ. ಅದು ಯಾಕೆ ಎಂಬುದನ್ನು ಲೆಕ್ಕ ಹಾಕಿಯೇ ನೋಡಬೇಕು, ಏಕೆಂದರೆ ಇದು ನಂಬಿಕೆಯ ವಿಷಯವಲ್ಲ, ಹಲ್ಲು ಎಣಿಸುವ ವಿಷಯ.

ಡೀಸೆಲ್ ಇಂಜಿನ್ ನಿಮಿಷಕ್ಕೆ ಎರಡು ಸಾವಿರ ಸುತ್ತು ತಿರುಗುವಾಗ ಗಾಲಿ ಅಷ್ಟೇ ಸುತ್ತು ತಿರುಗಿದರೆ ಗಾಡಿ ವಿಮಾನದ ವೇಗ ಹಿಡಿಯಬೇಕಾಗುತ್ತದೆ, ಅದನ್ನು ನೂಕುವ ಕಸುವು ಮಾತ್ರ ಇಂಜಿನ್ನಿಗೆ ಇರುವುದಿಲ್ಲ. ಆದ್ದರಿಂದ ಸುತ್ತು ಕಡಿಮೆ ಮಾಡಿ ಎಳೆತ ಹೆಚ್ಚಿಸುವ ಕೆಲಸ ಎರಡು ಕಡೆ ನಡೆಯುತ್ತದೆ. ಮೊದಲನೆಯದು ಗೇರ್ ಬಾಕ್ಸಿನಲ್ಲಿ. ಅಲ್ಲಿ ಚಾಲಕ ತನಗೆ ಬೇಕಾದ ಗೇರು ಹಾಕಬಹುದು. ಎರಡನೆಯದು ಹಿಂದಿನ ಎಕ್ಸಲ್ಲಿನ ಹೊಟ್ಟೆಯಲ್ಲಿ, ನಮ್ಮ ಭಾಗದವರು ಹೌಸಿಂಗ್ ಎನ್ನುವ ಆ ದುಂಡನೆಯ ಪೆಟ್ಟಿಗೆಯಲ್ಲಿ. ಗೇರ್ ಬಾಕ್ಸಿನಿಂದ ಜಾಯಿಂಟ್ ರಾಡು ತಂದ ಸುತ್ತನ್ನು ಸಣ್ಣ ಪಿನಿಯನ್ ಹಿಡಿದು ದೊಡ್ಡ ಕ್ರೌನ್ ಚಕ್ರಕ್ಕೆ ಕೊಡುತ್ತದೆ. ಪಿನಿಯನ್ನಿಗೆ 9 ಹಲ್ಲು, ಕ್ರೌನಿಗೆ 41 ಹಲ್ಲು ಇದ್ದರೆ 41ನ್ನು 9ರಿಂದ ಭಾಗಿಸಿ: 4.56. ರಾಡು ನಾಲ್ಕೂವರೆ ಸುತ್ತು ತಿರುಗಿದಾಗ ಗಾಲಿ ಒಂದು ಸುತ್ತು. ಈ ಲೆಕ್ಕ ಫಸ್ಟ್ ಗೇರಿಗೂ ಅದೇ, ಟಾಪ್ ಗೇರಿಗೂ ಅದೇ, ರಿವರ್ಸಿಗೂ ಅದೇ. ಹೌಸಿಂಗ್ ಬದಲಿಸಿದರೆ ಟಾಪ್ ಗೇರು ಮಾತ್ರ ಬದಲಾಗುವುದಿಲ್ಲ, ಎಲ್ಲ ಗೇರುಗಳೂ ಒಟ್ಟಿಗೆ ಬದಲಾಗುತ್ತವೆ. ಈ ಒಂದು ಸಂಗತಿಯನ್ನು ಬಹಳ ಜನ ಮರೆಯುತ್ತಾರೆ.

ನಾರಾಯಣಪುರ ಎಡದಂಡೆ ಕಾಲುವೆಯ ಬದಿಯಲ್ಲಿ ಬೆಳೆದವರಿಗೆ ಇದನ್ನು ವಿವರಿಸುವುದು ಕಷ್ಟವಲ್ಲ. ತೂಬಿನ ಹಲಗೆ ಸರಿಸಿದರೆ ಹೊಸ ನೀರು ಹುಟ್ಟುವುದಿಲ್ಲ, ಮೇಲಿನ ಹೊಲಕ್ಕೆ ಹೆಚ್ಚು ಬಿಟ್ಟರೆ ಕೊನೆಯ ಹೊಲಕ್ಕೆ ಕಡಿಮೆ. ಗೇರಿನ ಹಲ್ಲೂ ಅಷ್ಟೇ, ಇಂಜಿನ್ನಿನಲ್ಲಿ ಇರುವುದನ್ನೇ ವೇಗಕ್ಕೂ ಎಳೆತಕ್ಕೂ ಹಂಚುತ್ತದೆ.

ಈಗ ನಮ್ಮ ರಸ್ತೆಗೆ ಬರೋಣ. ಇತ್ತೀಚಿನ ಬೊಲೆರೊ ಪಿಕಪ್‌ಗಳಲ್ಲಿ ಬರುವ 2523 ಸಿಸಿಯ ಡೀಸೆಲ್ ಇಂಜಿನ್ ಸುಮಾರು 75 ಅಶ್ವಶಕ್ತಿಯದು. ಅದರ ಪೂರ್ತಿ ಎಳೆತ, ಸುಮಾರು 200 ನ್ಯೂಟನ್ ಮೀಟರ್, 1400ರಿಂದ 2200 ಸುತ್ತಿನ ನಡುವೆ ಸಿಗುತ್ತದೆ. ಆ ಪಟ್ಟಿಯ ಒಳಗೆ ಇಂಜಿನ್ ಹಗುರಾಗಿ ಎಳೆಯುತ್ತದೆ, ಡೀಸೆಲ್ಲನ್ನೂ ಹಿತಮಿತವಾಗಿ ಕುಡಿಯುತ್ತದೆ. ಪಟ್ಟಿಯ ಕೆಳಗೆ ಹೋದರೆ ನಡುಗುತ್ತದೆ, ತೀರ ಮೇಲೆ ಹೋದರೆ ಚೀರುತ್ತದೆ.

215/75 ಆರ್15 ಅಳತೆಯ ಟೈರಿನ ಅಡ್ಡಳತೆ ಸುಮಾರು 70 ಸೆಂಟಿಮೀಟರ್, ಒಂದು ಸುತ್ತಿಗೆ ಗಾಡಿ 2.21 ಮೀಟರ್ ಮುಂದೆ ಹೋಗುತ್ತದೆ. ಗಂಟೆಗೆ 80 ಕಿ.ಮೀ. ಎಂದರೆ ಗಾಲಿ ನಿಮಿಷಕ್ಕೆ ಸುಮಾರು 600 ಸುತ್ತು. ಲೆಕ್ಕಕ್ಕೆಂದು ಐದನೆಯ ಗೇರು 0.8, ಹೌಸಿಂಗ್ 4.5 ಎಂದು ಹಿಡಿಯೋಣ. ಆಗ 80ರ ವೇಗದಲ್ಲಿ ಇಂಜಿನ್ 2170 ಸುತ್ತಿನ ಆಸುಪಾಸು, 60ರಲ್ಲಿ 1630. ಎರಡೂ ಪಟ್ಟಿಯ ಒಳಗೇ ಇವೆ. ಹೌಸಿಂಗ್ 4.1ಕ್ಕೆ ಇಳಿಸಿದರೆ, ಅಂದರೆ ಗೇರು ಉದ್ದ ಮಾಡಿದರೆ, 80ರಲ್ಲಿ 1980, 60ರಲ್ಲಿ 1480. ಮೇಲುನೋಟಕ್ಕೆ ಇದು ಲಾಭವೇ: ನಿಮಿಷಕ್ಕೆ ಇನ್ನೂರು ಸುತ್ತು ಉಳಿಯಿತು, ಕ್ಯಾಬಿನ್ನಿನಲ್ಲಿ ಸದ್ದು ತಗ್ಗಿತು, ಮಾತಾಡಿದ್ದು ಕೇಳಿಸುತ್ತದೆ.

ಆದರೆ ಶಹಾಪುರ–ಸುರಪುರ ರಸ್ತೆಯಲ್ಲಿ ಯಾರು ಒಂದೇ ಸಮನೆ 80ರಲ್ಲಿ ಓಡಿಸುತ್ತಾರೆ? ಜೇವರ್ಗಿಯಿಂದ ಶಹಾಪುರ, ಸುರಪುರ, ತಿಂಥಣಿ ಸೇತುವೆ ದಾಟಿ ಲಿಂಗಸುಗೂರು, ಬಳ್ಳಾರಿ ಮೇಲೆ ಚಾಮರಾಜನಗರದವರೆಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 150ಎ ನಮ್ಮ ಕಡೆ ಊರ ನಡುವೆ ಹಾಯುವ ರಸ್ತೆ. ಮುಂದೆ ಕಬ್ಬಿನ ಟ್ರ್ಯಾಕ್ಟರು, ಎರಡೆರಡು ಟ್ರೈಲರು. ಪಕ್ಕದಲ್ಲಿ ಕುರಿ ಹಿಂಡು. ಪ್ರತಿ ಕ್ರಾಸಿಗೊಂದು ಹಂಪು. ಗಾಡಿ ಹೆಚ್ಚು ಹೊತ್ತು ಇರುವುದು 45ರಿಂದ 60ರ ನಡುವೆ. 55ರ ವೇಗದಲ್ಲಿ ಹಳೆಯ ಹೌಸಿಂಗಿನ ಐದನೆಯ ಗೇರಿಗೆ 1490 ಸುತ್ತು ಬೀಳುತ್ತಿತ್ತು, ಇಂಜಿನ್ ಎಳೆಯುತ್ತಿತ್ತು. ಹೊಸ ಹೌಸಿಂಗಿನಲ್ಲಿ 1360, ಪಟ್ಟಿಯಿಂದ ಕೆಳಗೆ. ಮಾಲು ತುಂಬಿದ್ದರೆ ಗಾಡಿ ಗುದ್ದಲು ಶುರುಮಾಡುತ್ತದೆ, ಚಾಲಕ ನಾಲ್ಕಕ್ಕೆ ಇಳಿಸುತ್ತಾನೆ. ಹೈವೇಗೆಂದು ಹಣ ಹಾಕಿ ಉದ್ದ ಮಾಡಿಸಿದ ಐದನೆಯ ಗೇರು ನಮ್ಮ ಹೈವೇಯಲ್ಲೇ ಬಹುಪಾಲು ಖಾಲಿ ಕೂರುತ್ತದೆ.

ಕಾನೂನೂ ಇದೇ ದಿಕ್ಕಿನಲ್ಲಿದೆ. 2018ರ ಏಪ್ರಿಲ್‌ನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಹೊರಡಿಸಿದ ಆದೇಶದಂತೆ ಸರಕು ವಾಹನಗಳ ಗರಿಷ್ಠ ವೇಗ ಎಕ್ಸ್‌ಪ್ರೆಸ್‌ವೇ ಮತ್ತು ವಿಭಜಕವಿರುವ ನಾಲ್ಕು ಪಥದ ರಸ್ತೆಯಲ್ಲಿ 80, ಉಳಿದ ರಸ್ತೆಗಳಲ್ಲಿ 60. ನಮ್ಮ ಜಿಲ್ಲೆಯ ಹೆಚ್ಚಿನ ರಸ್ತೆ ಈ 'ಉಳಿದ' ಲೆಕ್ಕಕ್ಕೇ ಸೇರುತ್ತದೆ. ಸೂರತ್–ಚೆನ್ನೈ ಎಕ್ಸ್‌ಪ್ರೆಸ್‌ವೇ ಕಲಬುರಗಿ, ಯಾದಗಿರಿ, ರಾಯಚೂರು ಜಿಲ್ಲೆಗಳ ಮೂಲಕ ಹಾಯುವಂತೆ ಯೋಜನೆಯಾಗಿದೆ. ಅದು ತೆರೆದ ಮೇಲೂ ಪಿಕಪ್ಪಿನ ಮಿತಿ 80 ದಾಟುವುದಿಲ್ಲ. ತಯಾರಕರು ಕೊಟ್ಟ ಗೇರಿನಲ್ಲಿ 80 ಆರಾಮಾಗಿ ಬರುತ್ತದೆ ಎಂದ ಮೇಲೆ ಇನ್ನೂ ಉದ್ದದ ಗೇರು ಯಾವ ವೇಗಕ್ಕೆ ಬೇಕು?

"ಹಂಗಾದ್ರ ಗಾಡಿ ಯಾಕ ಎಪ್ಪತ್ತರ ಮ್ಯಾಲ ಚೀರ್ತದ?" ಎಂಬ ಪ್ರಶ್ನೆ ಉಳಿಯುತ್ತದೆ. ನ್ಯಾಯವಾದ ಪ್ರಶ್ನೆ. ಉತ್ತರ ಬಹಳ ಸಲ ಹೌಸಿಂಗಿನಲ್ಲಿರದೆ ಹೇರಿನಲ್ಲಿರುತ್ತದೆ.

ಹತ್ತಿಯ ಹೇರು ನೋಡಿ. ತೂಕ ಕಡಿಮೆ, ಗಾತ್ರ ಅಗಾಧ. ಅಂಡಿಗೆಗಳನ್ನು ಒತ್ತಿ ತುಂಬಿ, ಬಾಡಿಯ ಎರಡೂ ಬದಿಗೆ ಹೊಟ್ಟೆ ಬರುವಂತೆ ಕಟ್ಟಿ, ಕ್ಯಾಬಿನ್ನಿನ ಮೇಲೆ ಆಳೆತ್ತರ ಏರಿಸಿ ಹಗ್ಗ ಬಿಗಿದರೆ ಗಾಡಿ ಗಾಳಿಗೆ ಎದೆಯೊಡ್ಡಿ ನಡೆಯುವ ಗೋಡೆಯಂತಾಗುತ್ತದೆ. ಗಾಳಿಯ ತಡೆ ವೇಗದ ವರ್ಗದಂತೆ ಏರುತ್ತದೆ, ಅದನ್ನು ಗೆಲ್ಲಲು ಬೇಕಾದ ಶಕ್ತಿ ಘನದಂತೆ ಏರುತ್ತದೆ. 60ರಿಂದ 80ಕ್ಕೆ ಹೋದರೆ ವೇಗ ಮೂರನೆಯ ಒಂದು ಪಾಲು ಹೆಚ್ಚಿತು ಅಷ್ಟೆ. ಗಾಳಿಯ ತಡೆ ಹೆಚ್ಚುಕಡಿಮೆ ಒಂದೂ ಮುಕ್ಕಾಲು ಪಟ್ಟು ಆಯಿತು. ಅದಕ್ಕೆ ಇಂಜಿನ್ ಕೊಡಬೇಕಾದ ಶಕ್ತಿ ಎರಡೂ ಕಾಲು ಪಟ್ಟನ್ನೂ ದಾಟಿತು. ಹೇರಿನ ಎದುರು ಮೈ ಕ್ಯಾಬಿನ್ನಿಗಿಂತ ಒಂದೂವರೆ ಪಟ್ಟು ಅಗಲವಾಗಿದ್ದರೆ ಈ ಹೊರೆ ಮತ್ತೆ ಒಂದೂವರೆ ಪಟ್ಟು. ಇಲ್ಲಿ ಗೇರು ಉದ್ದ ಮಾಡಿದರೆ ಇಂಜಿನ್ ಇನ್ನೂ ಬೇಗ ಸೋಲುತ್ತದೆ, ಏಕೆಂದರೆ ಅದಕ್ಕೆ ಕೊರತೆಯಾದದ್ದು ಶಕ್ತಿ.

ಭತ್ತದ ಹೇರು ಇದಕ್ಕೆ ತಿರುಗಾಮುರುಗಾ. ಕಾಲುವೆ ಕೆಳಗಿನ ಭತ್ತದ ಚೀಲಗಳು ಬಾಡಿಯ ಹಲಗೆ ಮಟ್ಟದಲ್ಲೇ ಮುಗಿದುಹೋಗುತ್ತವೆ, ಗಾಳಿ ಸಲೀಸಾಗಿ ಮೇಲೆ ಹಾಯುತ್ತದೆ, ಆದರೆ ಸ್ಪ್ರಿಂಗ್ ಪಟ್ಟಿ ಮಲಗಿಬಿಡುತ್ತದೆ. ಅಲ್ಲಿ ಇಂಜಿನ್ ಸೆಣಸುವುದು ತೂಕದೊಂದಿಗೆ, ಅದೂ ಏರಿನಲ್ಲಿ, ಗಾಡಿ ಎಬ್ಬಿಸುವಾಗ. ಮೆಣಸಿನಕಾಯಿ ಮತ್ತೆ ಹತ್ತಿಯ ಜಾತಿಗೆ, ತೊಗರಿ ಭತ್ತದ ಜಾತಿಗೆ. ಒಬ್ಬನೇ ಮಾಲೀಕ ಒಂದೇ ವರ್ಷದಲ್ಲಿ ಈ ನಾಲ್ಕನ್ನೂ ಹೊರುತ್ತಾನೆ. ಇವೆಲ್ಲಕ್ಕೂ ಸರಿಹೋಗುವ ಒಂದು ಅನುಪಾತ ಆರಿಸಬೇಕೆಂದರೆ ತಯಾರಕರು ಆರಿಸಿದ ನಡುಮಟ್ಟಕ್ಕೇ ಬಂದು ನಿಲ್ಲಬೇಕಾಗುತ್ತದೆ.

ಇನ್ನು ಹೊಲ. ಮಳೆ ಬಿದ್ದು ಎರಡು ದಿನವಾದ ಎರಿಹೊಲದಿಂದ ಕಾಲುವೆಯ ಏರಿ ಹತ್ತಿ ರಸ್ತೆಗೆ ಬರಬೇಕು. ಗಟ್ಟಿ ಡಾಂಬರಿನ ಮೇಲೆ ಗಾಲಿ ಉರುಳಿಸಲು ಗಾಡಿಯ ತೂಕದ ನೂರಕ್ಕೆ ಒಂದು, ಒಂದೂವರೆ ಪಾಲು ಎಳೆತ ಸಾಕು. ಮೆತ್ತಗಿನ ಮಣ್ಣಿನಲ್ಲಿ ಅದು ನೂರಕ್ಕೆ ಹತ್ತಕ್ಕೆ ಏರುತ್ತದೆ, ಕೆಲವೆಡೆ ಅದಕ್ಕೂ ಮೇಲೆ. ಮಾಲು ಸಮೇತ ಮೂರು ಟನ್ ಗಾಡಿಗೆ ಮಣ್ಣೊಂದಕ್ಕೇ 300 ಕಿಲೋ ಎಳೆತ. ಏರಿ ಐದು ಅಡಿಗೆ ಒಂದು ಅಡಿ ಏರಿದರೆ ಅದಕ್ಕೆ ಹತ್ತಿರಹತ್ತಿರ 590 ಕಿಲೋ. ಎರಡೂ ಸೇರಿ 890. ಫಸ್ಟ್ ಗೇರು 4 ಎಂದು ಹಿಡಿದು, ದಾರಿಯಲ್ಲಿ ಹತ್ತನೆಯ ಒಂದು ಪಾಲು ತಿಕ್ಕಾಟಕ್ಕೆ ಹೋಯಿತು ಎಂದುಕೊಂಡರೆ 4.5ರ ಹೌಸಿಂಗ್ ಗಾಲಿಗೆ ಕೊಡುವ ಎಳೆತ ಸುಮಾರು 940 ಕಿಲೋ. 4.1ರದು 855. ಟೈರು ಜಾರದಿದ್ದರೆ ಮೊದಲನೆಯ ಗಾಡಿ ಉಬ್ಬಸ ಪಡುತ್ತಾದರೂ ಏರಿ ಹತ್ತುತ್ತದೆ. ಎರಡನೆಯದು ಹತ್ತುವುದಿಲ್ಲ. ಚಾಲಕ ಸೋಲೊಪ್ಪುವುದಿಲ್ಲ, ರೇಸು ಹೆಚ್ಚು ಮಾಡಿ ಕ್ಲಚ್ಚನ್ನು ಅರ್ಧ ಹಿಡಿದು ನೂಕುತ್ತಾನೆ. ಆಗ ಬರುವ ಸುಟ್ಟ ವಾಸನೆ ಈ ಭಾಗದ ಎಲ್ಲ ಚಾಲಕರಿಗೂ ಗೊತ್ತು. ಹೈವೇಯಲ್ಲಿ ಉಳಿಸಿದ ಡೀಸೆಲ್ಲಿನ ಹಣ ಕ್ಲಚ್ ಪ್ಲೇಟಿಗೆ ಹೋಯಿತು.

ಡೀಸೆಲ್ಲಿನ ಲೆಕ್ಕವನ್ನೂ ಹಾಕಿಬಿಡೋಣ. ತಿಂಗಳಿಗೆ 3000 ಕಿ.ಮೀ. ಓಡುವ, ಲೀಟರಿಗೆ 12 ಕೊಡುವ ಗಾಡಿ 250 ಲೀಟರ್ ಕುಡಿಯುತ್ತದೆ. ಉದ್ದ ಗೇರಿನಿಂದ ನೂರಕ್ಕೆ ಐದರಷ್ಟು ಉಳಿಯಿತು ಎಂದು ಉದಾರವಾಗಿ ಹಿಡಿದರೂ ಹನ್ನೆರಡೂವರೆ ಲೀಟರ್. ಲೀಟರಿಗೆ ತೊಂಬತ್ತರ ಲೆಕ್ಕದಲ್ಲಿ ಸಾವಿರದ ನೂರು ಚಿಲ್ಲರೆ. ಅದೂ ಗಾಡಿ ಮೂರು ಸಾವಿರವನ್ನೂ ಹೈವೇಯಲ್ಲೇ ಸಮನಾಗಿ ಓಡಿದರೆ. ಹೊಲ, ಮಂಡಿ, ಊರೊಳಗಿನ ಓಣಿ ಕಳೆದರೆ ಅರ್ಧವೂ ಉಳಿಯಲಿಕ್ಕಿಲ್ಲ.

ಹಾಗಾದರೆ ಹೌಸಿಂಗ್ ಬದಲಿಸುವ ಈ ಹಂಬಲ ಎಲ್ಲಿಂದ ಬಂತು? ಹಳೆಯ ಜೀಪಿನಿಂದ ಬಂತು ಎಂದು ನನ್ನ ನಂಬಿಕೆ, ಮತ್ತು ಜೀಪಿನ ವಿಷಯದಲ್ಲಿ ಅದು ಸರಿಯಾಗಿಯೇ ಇತ್ತು. ಮಹೀಂದ್ರ ಕಂಪನಿ ವಿಲ್ಲಿಸ್ ಪರವಾನಗಿಯ ಮೇಲೆ ನಮ್ಮ ದೇಶದಲ್ಲಿ ದಶಕಗಳ ಕಾಲ ಮಾಡಿದ ಸಿಜೆ–3ಬಿ ಮಾದರಿಯ ಜೀಪಿನ ಹೌಸಿಂಗ್ 5.38, ಕ್ರೌನಿಗೆ 43 ಹಲ್ಲು, ಪಿನಿಯನ್ನಿಗೆ 8. ಅದಕ್ಕೂ ಹಿಂದಿನ ಯುದ್ಧಕಾಲದ ಜೀಪಿನದು 4.88, ಅಂದರೆ 39ಕ್ಕೆ 8. ಸಿಜೆ–3ಬಿಯ ಗೇರ್ ಬಾಕ್ಸಿನಲ್ಲಿ ಮೂರೇ ಗೇರು, ಟಾಪ್ ಗೇರು ನೇರ ಒಂದಕ್ಕೊಂದು. ಹದಿನಾರು ಇಂಚಿನ ಸಪೂರ ಟೈರಿನಲ್ಲಿ 80ರ ವೇಗಕ್ಕೆ ಇಂಜಿನ್ 3100 ಸುತ್ತು ದಾಟಬೇಕು. ಹೊಲ ಉಳಲೂ ಬರಲಿ, ಗುಡ್ಡ ಹತ್ತಲೂ ಬರಲಿ ಎಂದು ಮಾಡಿದ ಗಾಡಿ ಅದು, ದೂರದ ದಾರಿಗೆ ಮಾಡಿದ್ದಲ್ಲ. ಆ ಪೆಟ್ರೋಲ್ ಇಂಜಿನ್ ತೆಗೆದು ನಿಧಾನ ತಿರುಗುವ ಡೀಸೆಲ್ ಇಂಜಿನ್ ಕೂರಿಸುವ ಕಾಲ ಬಂದಾಗ 5.38 ಖಂಡಿತ ಹೊಂದಲಿಲ್ಲ. ಡೀಸೆಲ್ ತನ್ನ ಮೇಲ್ಮಿತಿಗೆ ಬಂದರೂ ಗಾಡಿ ಓಡುತ್ತಿರಲಿಲ್ಲ. ಆಗ ಹೌಸಿಂಗ್ ಬದಲಿಸುವುದು, ನಾಲ್ಕು ಗೇರಿನ ಕೆಎಂಟಿ–90 ಗೇರ್ ಬಾಕ್ಸ್ ಇದ್ದಲ್ಲಿ ಬೊಲೆರೊದ ಐದು ಗೇರಿನ ಪೆಟ್ಟಿಗೆ ತಂದು ಕೂರಿಸುವುದು ಇವೆಲ್ಲ ಅಗತ್ಯದ ಕೆಲಸಗಳಾದವು. ಜಾಣ ಮಿಸ್ತ್ರಿಗಳು ಅದನ್ನು ಕಲಿತರು. ನಾಲ್ಕೂ ಗಾಲಿಗೆ ಎಳೆತವಿರುವ ಜೀಪಿನಲ್ಲಿ ಹಿಂದಿನ ಹೌಸಿಂಗ್ ಬದಲಿಸಿದರೆ ಮುಂದಿನದನ್ನೂ ಅದೇ ಅನುಪಾತಕ್ಕೆ ತರಬೇಕು, ಇಲ್ಲದಿದ್ದರೆ ಫೋರ್ ವ್ಹೀಲ್ ಹಾಕಿದ ತಕ್ಷಣ ಎರಡು ಎಕ್ಸಲ್ಲು ಒಂದನ್ನೊಂದು ಎಳೆದಾಡಿ ಹಲ್ಲು ಮುರಿಯುತ್ತವೆ ಎಂಬುದನ್ನೂ ಅವರು ಕೆಲಸ ಮಾಡುತ್ತಲೇ ಅರಿತರು.

ಆ ಕಾಲದ ಪಾಠವನ್ನು ಇಂದಿನ ಪಿಕಪ್ಪಿಗೆ ಹಾಗೇ ಎತ್ತಿಡುವುದು ತಪ್ಪು. ಐದನೆಯ ಗೇರು ಈಗ ಕಂಪನಿಯಿಂದಲೇ ಒಂದಕ್ಕಿಂತ ಕೆಳಗಿನ ಅನುಪಾತದಲ್ಲಿ ಬರುತ್ತದೆ, ಅಂದರೆ ಹೈವೇಯ ಗೇರು ಆಗಲೇ ಒಳಗಿದೆ. ಅಮೆರಿಕದಲ್ಲಿ ಪಿಕಪ್ ಕೊಳ್ಳುವವರು ಅಂಗಡಿಯಲ್ಲೇ 3.55 ಬೇಕೋ, 3.73 ಬೇಕೋ, 4.10 ಬೇಕೋ ಎಂದು ಆರಿಸಿಕೊಳ್ಳುತ್ತಾರೆ. ಟ್ರೈಲರ್ ಎಳೆಯುವವನು ದೊಡ್ಡ ಅಂಕಿ, ಖಾಲಿ ಓಡುವವನು ಸಣ್ಣ ಅಂಕಿ. ನಮ್ಮಲ್ಲಿ ಆ ಆಯ್ಕೆ ಇಲ್ಲ. ಆಯ್ಕೆ ಇರಬೇಕಿತ್ತು ಎಂದೇ ನಾನು ಹೇಳುತ್ತೇನೆ. ಹೈದರಾಬಾದಿಗೆ ದಿನಾ ಹಾಲು, ತರಕಾರಿ, ಕೊರಿಯರ್ ಹೊಡೆಯುವವನಿಗೂ ಕೆಂಭಾವಿಯ ಹೊಲದಿಂದ ಹತ್ತಿ ತರುವವನಿಗೂ ಒಂದೇ ಎಕ್ಸಲ್ ಮಾರುವುದು ತಯಾರಕರಿಗೆ ಸುಲಭ, ಕೊಳ್ಳುವವನಿಗೆ ಅಲ್ಲ. ಆದರೆ ಆ ಕೊರತೆಯನ್ನು ರಸ್ತೆಬದಿಯಲ್ಲಿ ಸ್ಪಾನರ್ ಹಿಡಿದು ತುಂಬಿಸಲಾಗದು.

ಯಾಕೆ ತುಂಬಿಸಲಾಗದು ಎಂದರೆ ಕೆಲಸವೇ ಅಷ್ಟು ಸೂಕ್ಷ್ಮ. ಹೌಸಿಂಗ್ ಬಿಚ್ಚಿದ ಮೇಲೆ ಒಳಗಿನ ಕಪ್ಪೆಣ್ಣೆ ಬಸಿದು ಕ್ರೌನನ್ನು ಹೊರತೆಗೆದರೆ ಅದರ ಅಂಚಿನಲ್ಲಿ ಒಂದು ನಂಬರು ಕೆತ್ತಿರುತ್ತದೆ, ಪಿನಿಯನ್ನಿನ ತಲೆಯ ಮೇಲೂ ಅದೇ ನಂಬರು. ಕಾರ್ಖಾನೆಯಲ್ಲಿ ಆ ಎರಡನ್ನೂ ಒಟ್ಟಿಗೆ ಉಜ್ಜಿ ಜೋಡಿ ಮಾಡಿರುತ್ತಾರೆ. ಒಂದು ಕಡೆಯ ಕ್ರೌನು, ಇನ್ನೊಂದು ಕಡೆಯ ಪಿನಿಯನ್ನು ತಂದರೆ ಹಲ್ಲಿನ ಎಣಿಕೆ ಸರಿಯಿದ್ದರೂ ಕೂಡುವುದಿಲ್ಲ. ಗುಜರಿಯಿಂದ ತರುವವರು ಮೊದಲು ನೋಡಬೇಕಾದ್ದು ಈ ನಂಬರು. ಆಮೇಲೆ ಪಿನಿಯನ್ ಎಷ್ಟು ಆಳಕ್ಕೆ ಕೂರಬೇಕು ಎಂಬುದನ್ನು ಕಾಗದದಷ್ಟು ತೆಳ್ಳಗಿನ ಶಿಮ್‌ಗಳಿಂದ ಹೊಂದಿಸಬೇಕು. ಬೇರಿಂಗ್ ಬಿಗುವು ನೋಡಬೇಕು. ಎರಡು ಹಲ್ಲಿನ ನಡುವಿನ ಸಡಿಲ, ಅಂದರೆ ಕ್ರೌನನ್ನು ಬೆರಳಲ್ಲಿ ಅಲುಗಿಸಿದಾಗ ಸಿಗುವ ಆಟ, ಸಾಮಾನ್ಯವಾಗಿ ಮಿಲಿಮೀಟರಿನ ಐದನೆಯ, ಆರನೆಯ ಒಂದು ಪಾಲು. ಅದನ್ನು ಡಯಲ್ ಗೇಜಿನಿಂದ ಅಳೆಯಬೇಕು, ಕೈ ಅಂದಾಜಿನಿಂದಲ್ಲ.

ಕೊನೆಯ ಪರೀಕ್ಷೆ ಕಣ್ಣಿಗೆ ಕಾಣುವಂಥದ್ದು. ಕ್ರೌನಿನ ನಾಲ್ಕಾರು ಹಲ್ಲಿಗೆ ಬಣ್ಣದ ಪೇಸ್ಟು ತೆಳುವಾಗಿ ಹಚ್ಚಿ ಪಿನಿಯನ್ ತಿರುಗಿಸುತ್ತಾರೆ. ಹಲ್ಲು ತಾಗಿದ ಕಡೆ ಬಣ್ಣ ಒರೆಸಿಹೋಗಿ ಲೋಹ ಹೊಳೆಯುತ್ತದೆ. ಆ ಗುರುತು ಹಲ್ಲಿನ ನಡುಮಧ್ಯದಲ್ಲಿ, ಅಂಡಾಕಾರದಲ್ಲಿ ಬಿದ್ದರೆ ಕೆಲಸ ಸರಿ. ತುದಿಗೆ ಸರಿದರೆ ಪಿನಿಯನ್ ಹೊರಗಿದೆ, ಬುಡಕ್ಕೆ ಇಳಿದರೆ ಒಳಗೆ ಹೋಗಿದೆ. ಮತ್ತೆ ಬಿಚ್ಚಿ, ಶಿಮ್ ಬದಲಿಸಿ, ಮತ್ತೆ ಬಣ್ಣ. ಒಳ್ಳೆಯ ಮಿಸ್ತ್ರಿ ಇದನ್ನು ಬೇಸರಿಸದೆ ಹಲವು ಸಲ ಮಾಡುತ್ತಾನೆ. ಆತುರದವನು ಒಂದೇ ಸಲಕ್ಕೆ ಮುಚ್ಚುತ್ತಾನೆ, ಗಾಡಿ ಭೀಮಾ ನದಿಯ ಸೇತುವೆ ದಾಟುವಷ್ಟರಲ್ಲಿ ಹಿಂದಿನಿಂದ ಗುಂಯ್ ಎಂಬ ಸದ್ದು ಶುರುವಾಗುತ್ತದೆ. ರೇಸು ಕೊಟ್ಟಾಗ ಒಂದು ರಾಗ, ಬಿಟ್ಟಾಗ ಇನ್ನೊಂದು. ಆ ಸದ್ದು ತಾನಾಗಿ ಹೋಗುವುದಿಲ್ಲ. ಹಲ್ಲು ತಿನ್ನುತ್ತಲೇ ಇರುತ್ತದೆ.

ಎಣ್ಣೆಯ ವಿಷಯಕ್ಕೂ ಒಂದು ಮಾತು. ಅಂಗಡಿಯಲ್ಲಿ "90 ನಂಬರ್ ಆಯಿಲ್ ಕೊಡ್ರಿ" ಎಂದರೆ ಯಾವುದೋ ಒಂದು ಡಬ್ಬಿ ಕೊಡುತ್ತಾರೆ. ಹೌಸಿಂಗಿನ ಹಲ್ಲು ಒಂದರ ಮೇಲೊಂದು ಜಾರುತ್ತ ಒತ್ತುವ ಬಗೆಯವು, ಅವಕ್ಕೆ ಜಿಎಲ್–5 ದರ್ಜೆಯ ಎಣ್ಣೆ ಬೇಕು. ಗೇರ್ ಬಾಕ್ಸಿನಲ್ಲಿ ಹಿತ್ತಾಳೆಯ ಸಿಂಕ್ರೊ ಬಳೆಗಳಿದ್ದರೆ ಅಲ್ಲಿ ಕಂಪನಿ ಹೇಳಿದ ಜಿಎಲ್–4 ಹಾಕಬೇಕು, ಜಿಎಲ್–5ರಲ್ಲಿರುವ ಕೆಲವು ರಾಸಾಯನಿಕಗಳು ಹಿತ್ತಾಳೆಯನ್ನು ತಿನ್ನಬಲ್ಲವು. ನಂಬರು ಒಂದೇ ಇದ್ದರೂ ದರ್ಜೆ ಬೇರೆ.

ಹೌಸಿಂಗ್ ಬಿಟ್ಟು ಬೇರೆ ದಾರಿಗಳಿವೆ. ದೊಡ್ಡ ಟೈರು ಹಾಕುವುದು ಒಂದು. 215/75 ಜಾಗದಲ್ಲಿ 7.00 ಆರ್15 ಏರಿಸಿದರೆ ಸುತ್ತಳತೆ ನೂರಕ್ಕೆ ಆರೇಳರಷ್ಟು ಹೆಚ್ಚುತ್ತದೆ, ಹೌಸಿಂಗ್ ಮುಟ್ಟದೆಯೇ ಗೇರು ಅಷ್ಟು ಉದ್ದವಾಗುತ್ತದೆ. ಆದರೆ ಅದು ಆ ಗಾಡಿಯ ಮಾದರಿಗೆ ತಯಾರಕರು ಹೇಳದ ಅಳತೆಯಾದರೆ ಎಫ್‌ಸಿ ಮಾಡಿಸುವಾಗ ತಕರಾರು, ಪೂರ್ತಿ ಸ್ಟೇರಿಂಗ್ ತಿರುಗಿಸಿದಾಗ ಒಳಗೆ ಉಜ್ಜಾಟ. ಗೇರ್ ಬಾಕ್ಸಿನ ಐದನೆಯ ಗೇರಿನ ಜೋಡಿಯನ್ನು ಮಾತ್ರ ಬದಲಿಸುವುದು ಇನ್ನೊಂದು. ಎಷ್ಟೋ ಪೆಟ್ಟಿಗೆಗಳಲ್ಲಿ ಐದನೆಯ ಗೇರು ಹಿಂಬದಿಯ ಮುಚ್ಚಳದ ಕಡೆ ಒಂಟಿಯಾಗಿ ಕೂತಿರುತ್ತದೆ, ಉಳಿದ ನಾಲ್ಕನ್ನು ಅಲುಗಿಸದೆ ಅದನ್ನು ತೆಗೆಯಬಹುದು. ಹೊಲದ ಎಳೆತಕ್ಕೆ ಕೈ ಹಾಕದೆ ಹೈವೇಯ ಗೇರನ್ನಷ್ಟೇ ತಿದ್ದುವ ದಾರಿ ಇದೊಂದೇ. ತತ್ತ್ವದಲ್ಲಿ ನನಗೆ ಒಪ್ಪಿಗೆಯಾಗುವುದೂ ಇದೇ. ಅದೇ ಪೆಟ್ಟಿಗೆಗೆ ಬೇರೆ ಅನುಪಾತದ ಐದನೆಯ ಜೋಡಿ ಕಂಪನಿ ಮಾಡಿದ್ದಿದ್ದರೆ ಮಾತ್ರ.

ಹೌಸಿಂಗ್ ಬದಲಿಸಿದರೂ ದೊಡ್ಡ ಟೈರು ಹಾಕಿದರೂ ಬೆನ್ನು ಹತ್ತುವ ಒಂದು ಅಪಾಯವಿದೆ. ಅದರ ಬಗ್ಗೆ ಗ್ಯಾರೇಜಿನಲ್ಲಿ ಯಾರೂ ಮಾತಾಡುವುದನ್ನು ನಾನು ಕೇಳಿಲ್ಲ. ಎಷ್ಟೋ ಗಾಡಿಗಳ ಸ್ಪೀಡೋಮೀಟರು ಲೆಕ್ಕ ತೆಗೆದುಕೊಳ್ಳುವುದು ಗೇರ್ ಬಾಕ್ಸಿನಿಂದ ಹೊರಬರುವ ಸುತ್ತಿನಿಂದ. ಅಂಥ ಗಾಡಿಯ ಹೌಸಿಂಗ್ 4.5ರಿಂದ 4.1ಕ್ಕೆ ಇಳಿದರೆ ಮೀಟರು 80 ತೋರಿಸುವಾಗ ಗಾಡಿ ನಿಜಕ್ಕೂ 88ರ ಸಮೀಪ ಓಡುತ್ತಿರುತ್ತದೆ. ಕಿಲೋಮೀಟರಿನ ಅಂಕಿಯೂ ಕಡಿಮೆ ಓಡುತ್ತದೆ, ಹಾಗಾಗಿ ಎವರೇಜ್ ಲೆಕ್ಕವೇ ಸುಳ್ಳಾಗುತ್ತದೆ. ಕೇಂದ್ರ ಮೋಟಾರು ವಾಹನ ನಿಯಮ 118ರ ಪ್ರಕಾರ ಸರಕು ಗಾಡಿಗಳಲ್ಲಿ ಇರಬೇಕಾದ ವೇಗ ನಿಯಂತ್ರಕ ಆ ಸುತ್ತನ್ನೇ ನಂಬಿದ್ದರೆ ಅದೂ ಮೋಸಹೋಗುತ್ತದೆ, 80ಕ್ಕೆ ತಡೆಯಬೇಕಾದದ್ದು 88ಕ್ಕೆ ತಡೆಯುತ್ತದೆ. ಹೌಸಿಂಗಿನ ಹಲ್ಲಿನ ಎಣಿಕೆ ಆರ್‌ಸಿ ಕಾರ್ಡಿನಲ್ಲಿ ಇರುವುದಿಲ್ಲ ನಿಜ. ಆದರೆ ವಾಹನವನ್ನು ತಯಾರಕರ ವಿವರಕ್ಕೆ ವಿರುದ್ಧವಾಗಿ ಬದಲಿಸಬಾರದೆಂದು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಹೇಳುತ್ತದೆ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಆ ಕಲಮನ್ನು ಬಿಗಿಯಾಗಿಯೇ ಓದಿದೆ. ಅಪಘಾತವಾದ ಮೇಲೆ ವಿಮೆಯವರು ಗಾಡಿಯ ಹೊಟ್ಟೆ ಬಿಚ್ಚಿಸಿ ನೋಡಿದರೆ ಮಾಲೀಕನ ಬಳಿ ಉತ್ತರ ಇರಬೇಕಲ್ಲ?

ಉದ್ದ ಗೇರಿನಲ್ಲಿ ಇಂಜಿನ್ನಿನ ಹಿಡಿತವೂ ಕಡಿಮೆಯಾಗುತ್ತದೆ. ಇಳಿಜಾರಿನಲ್ಲಿ ಕಾಲು ತೆಗೆದರೆ ಗಾಡಿಯನ್ನು ತಡೆಹಿಡಿಯುವುದು ಇಂಜಿನ್ನು, ಆ ತಡೆಯೂ ಅದೇ ಅನುಪಾತದಲ್ಲಿ ಇಳಿಯುತ್ತದೆ. ಮಿಕ್ಕ ಭಾರವೆಲ್ಲ ಬ್ರೇಕಿನ ಮೇಲೆ. ಸುರಪುರದ ಗುಡ್ಡದ ಇಳುಕಲಿನಲ್ಲಿ ಭತ್ತದ ಹೇರಿನೊಂದಿಗೆ ಇದು ಅನುಭವಕ್ಕೆ ಬರುತ್ತದೆ. ಇದನ್ನು ಬರೆಯುವಾಗ ನನ್ನ ಕಣ್ಣ ಮುಂದೆ ಇರುವುದು ಮಾಲಲ್ಲ. ಹತ್ತಿ, ಮೆಣಸಿನಕಾಯಿ ಬಿಡಿಸಲು ಹೋಗುವ ಹೆಣ್ಣುಮಕ್ಕಳು ಬೆಳಗಿನ ಜಾವ ಬುತ್ತಿ ಕಟ್ಟಿಕೊಂಡು ಇದೇ ಪಿಕಪ್ಪುಗಳ ಬಾಡಿಯಲ್ಲಿ ಒತ್ತೊತ್ತಾಗಿ ನಿಂತು ಹೋಗುತ್ತಾರೆ. ಸರಕು ಗಾಡಿಯಲ್ಲಿ ಜನ ಒಯ್ಯುವುದು ಕಾನೂನಿಗೆ ವಿರುದ್ಧ, ಆದರೂ ನಡೆದಿದೆ, ಬೇರೆ ಸಾಧನವಿಲ್ಲದೆ ನಡೆದಿದೆ. ಆ ಗಾಡಿಗೆ ಇನ್ನೂ ಎಂಟು ಕಿಲೋಮೀಟರು ವೇಗ ಗುಟ್ಟಾಗಿ ಸೇರಿಸುವ ಯಾವ ಕೆಲಸವನ್ನೂ ನಾನು ಒಪ್ಪಲಾರೆ. ಕೂಲಿಕಾರರಿಗೆ ಮುಂಜಾನೆ ಬಸ್ಸು ಬಿಡಿ ಎಂದು ಕೇಳುವುದು ಇದಕ್ಕಿಂತ ಮೊದಲು ಆಗಬೇಕಾದ ಕೆಲಸ.

ಗಾಡಿ ಚೀರುತ್ತದೆ, ಎವರೇಜ್ ಬಿದ್ದಿದೆ ಎಂದರೆ ಹೌಸಿಂಗಿಗೆ ಕೈ ಹಾಕುವ ಮೊದಲು ನೋಡಬೇಕಾದವು ಸಾಕಷ್ಟಿವೆ. ಹತ್ತಿಯ ಎಳೆ, ಹೊಲದ ಧೂಳು ಸೇರಿ ಏರ್ ಫಿಲ್ಟರ್ ಕಟ್ಟಿಕೊಂಡಿರುವುದು ಈ ಭಾಗದಲ್ಲಿ ಮೊದಲ ಕಾರಣ. ಗಾಲಿ ಎತ್ತಿ ಕೈಯಲ್ಲಿ ತಿರುಗಿಸಿದರೆ ಬ್ರೇಕ್ ಹಿಡಿದುಕೊಂಡಿದೆಯೋ ಇಲ್ಲವೋ ತಿಳಿಯುತ್ತದೆ. ಟೈರಿನ ಗಾಳಿ ಹೇರಿಗೆ ತಕ್ಕಷ್ಟಿದೆಯೇ? ಕ್ಲಚ್ ಜಾರುತ್ತಿದ್ದರೆ ರೇಸು ಏರುತ್ತದೆ, ವೇಗ ಏರುವುದಿಲ್ಲ, ಕಿವಿಗೆ ಅದು ಗೇರು ಸಾಲದು ಎಂಬಂತೆಯೇ ಕೇಳಿಸುತ್ತದೆ. ಹತ್ತಿಯ ಹೇರನ್ನು ಒಂದು ಅಂಡಿಗೆಯಷ್ಟು ತಗ್ಗಿಸಿ, ಮುಂದಿನ ಅಂಚನ್ನು ಇಳಿಜಾರಾಗಿ ಕಟ್ಟಿ, 60ರಲ್ಲಿ ಓಡಿಸಿ ಒಂದು ಟ್ಯಾಂಕು ಡೀಸೆಲ್ ಲೆಕ್ಕ ಹಾಕಿ ನೋಡಬಹುದು. ಅದಕ್ಕೆ ಒಂದು ಸ್ಪಾನರೂ ಬೇಕಿಲ್ಲ.

ಹೊಸದಾಗಿ ಕೊಳ್ಳುವವರು ತಮ್ಮ ಬಾಡಿಗೆಯ ಬಗೆ ನೋಡಿ ಕೊಳ್ಳಬೇಕು. 2005ರಲ್ಲಿ ಬಂದ ಟಾಟಾ ಏಸ್‌ನ ಮೊದಲ ಮಾದರಿಯಲ್ಲಿ ಎರಡು ಸಿಲಿಂಡರಿನ 16 ಅಶ್ವಶಕ್ತಿಯ ಇಂಜಿನ್ ಇತ್ತು, ನಾಲ್ಕೇ ಗೇರು. ಊರೊಳಗಿನ ಸಾಗಣೆಗೆ ಅದಕ್ಕಿಂತ ಒಳ್ಳೆಯದಿರಲಿಲ್ಲ. ಅದನ್ನೇ ಹೈದರಾಬಾದಿನ ದಾರಿಗೆ ಹಚ್ಚಿದರೆ ಯಾವ ಹೌಸಿಂಗ್ ಹಾಕಿದರೂ ಆಗದು. ಶಕ್ತಿ ಸಾಲದ ಗಾಡಿಗೆ ಗೇರು ಉದ್ದ ಮಾಡಿದಷ್ಟೂ ಅದು ನಿಧಾನವಾಗುತ್ತದೆ.

ಹಳೆಯ ಹೌಸಿಂಗ್ ಹಲ್ಲು ಸವೆದು ಬದಲಿಸಲೇಬೇಕಾದ ದಿನವೂ ಬರುತ್ತದೆ. ಆಗ ಅದೇ ಅನುಪಾತದ ಹೊಸ ಜೋಡಿಯನ್ನೇ ಕೇಳಿ, ಎರಡರ ಮೇಲಿನ ನಂಬರು ನಿಮ್ಮ ಕಣ್ಣಿಂದಲೇ ನೋಡಿ, ಬಣ್ಣದ ಗುರುತು ತೋರಿಸೆಂದು ಮಿಸ್ತ್ರಿಗೆ ಹೇಳಿ. ಮೊದಲ ದಿನವೇ ಹೇರು ಹಾಕಬೇಡಿ. ಖಾಲಿ ಗಾಡಿಯನ್ನು ಯಾದಗಿರಿಯಿಂದ ಶಹಾಪುರದವರೆಗೆ ಐವತ್ತರ ಆಸುಪಾಸಿನಲ್ಲಿ ಓಡಿಸಿ, ನಿಲ್ಲಿಸಿ, ಹೌಸಿಂಗಿನ ಮೇಲೆ ಅಂಗೈ ಇಡಿ. ಬಿಸಿ ತಾಗಿದರೂ ಕೈ ಇಟ್ಟುಕೊಳ್ಳುವಂತಿದ್ದರೆ ಚಿಂತೆಯಿಲ್ಲ. ಕೈ ಹಿಂದೆಗೆಯುವಷ್ಟು ಸುಡುತ್ತಿದ್ದರೆ ಬೇರಿಂಗ್ ಬಿಗಿಯಾಗಿದೆ ಅಥವಾ ಹಲ್ಲು ತಪ್ಪಾಗಿ ಕೂತಿದೆ, ಅಲ್ಲಿಂದಲೇ ವಾಪಸ್ ಬನ್ನಿ. ನಾಲ್ಕೈದು ನೂರು ಕಿಲೋಮೀಟರು ಕಳೆದ ಮೇಲೆ ಮೊದಲ ಎಣ್ಣೆ ಬಸಿದು, ಬಸಿಯುವ ಬೋಲ್ಟಿನ ಅಯಸ್ಕಾಂತಕ್ಕೆ ಏನು ಅಂಟಿದೆ ನೋಡಿ. ಬೂದಿಯಂಥ ನುಣ್ಣನೆಯ ಪುಡಿ ಇದ್ದರೆ ಹಲ್ಲು ಹೊಂದಿಕೊಳ್ಳುತ್ತಿದೆ. ಬೆರಳಿಗೆ ಚುಚ್ಚುವ ಚೂರು ಸಿಕ್ಕರೆ ಮತ್ತೆ ಬಿಚ್ಚಿಸಬೇಕು.